ಅಲ್ಬೇನಿಯಾಕ್ಕೆ ದಾರಿ ಯಾವುದು?

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿ, "ಸರ್, ರಜೆಗೆ ಅಲ್ಬೇನಿಯಾಕ್ಕೆ ಹೊರಟಿದ್ದೇವೆ. ಅಲ್ಲಿಗೆ ಯಾವ ನೆರೆದೇಶದಿಂದಲೂ ರೈಲಿಲ್ಲವಲ್ಲ, ಏಕೆ?" ಎಂದು ಕೇಳಿದ. ತರಗತಿಯಲ್ಲಿ ನಕ್ಷೆ ತೂಗುಹಾಕಿ, "ಅಲ್ಬೇನಿಯಾ, ರಾಜಧಾನಿ ಟಿರಾನಾ" ಎಂದಷ್ಟೇ ಬರೆಸಿ ಮುಂದಿನ ದೇಶಕ್ಕೆ ಹೋಗಿಬಿಡುತ್ತಿದ್ದವನು ನಾನು. ಅಂದು ಬಿಟ್ಟ ಪಾಠವನ್ನು ಇಂದು ಹೇಳುತ್ತೇನೆ.

ಇದು ನಿಸರ್ಗವೇ ದೂರವಿಟ್ಟ ನಾಡಲ್ಲ. ಒಟ್ರಾಂಟೊ ಜಲಸಂಧಿಯಲ್ಲಿ ಇಟಲಿಗೂ ಅಲ್ಬೇನಿಯಾಕ್ಕೂ ನಡುವಿನ ಅಂತರ ಸುಮಾರು 70 ಕಿಲೋಮೀಟರು ಮಾತ್ರ. ರೋಮನ್ನರು ಆಪಿಯನ್ ಹೆದ್ದಾರಿಯಲ್ಲಿ ಬ್ರಿಂಡಿಸಿಗೆ ಬಂದು, ಹಡಗಿನಲ್ಲಿ ಕಡಲು ದಾಟಿ, ಇಂದಿನ ಡುರೆಸ್ ಬಂದರಿನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಎಗ್ನಾಟಿಯಾ ಹೆದ್ದಾರಿ ಥೆಸಲೋನಿಕಿಯನ್ನು ಹಾದು ಬೈಜಾಂಟಿಯಮ್‌ವರೆಗೆ ಸಾಗುತ್ತಿತ್ತು. ಪೂರ್ವ ಪಶ್ಚಿಮಗಳನ್ನು ಬೆಸೆದಿದ್ದ ನೆಲವದು.

ದಾರಿ ಮುಚ್ಚಿದ್ದು ಮನುಷ್ಯ. 1944ರಲ್ಲಿ ಅಧಿಕಾರ ಹಿಡಿದ ಎನ್ವರ್ ಹೋಜಾ 1948ರಲ್ಲಿ ಯುಗೊಸ್ಲಾವಿಯದೊಡನೆ, 1961ರಲ್ಲಿ ಸೋವಿಯತ್ ಒಕ್ಕೂಟದೊಡನೆ, 1978ರಲ್ಲಿ ಚೀನಾದೊಡನೆ ಸಂಬಂಧ ಕಡಿದುಕೊಂಡ. ಪ್ರಜೆಗಳು ದೇಶ ಬಿಡುವಂತಿರಲಿಲ್ಲ. ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. 1947ರಿಂದ ರೈಲುಹಳಿಗಳನ್ನು ಹಾಕಿದರಾದರೂ ಅವು ಗಡಿಯೊಳಗೇ ನಿಂತವು. ಹೋಜಾ ತೀರಿಕೊಂಡ ಮರುವರ್ಷ, 1986ರಲ್ಲಿ, ಇಂದು ಪಾಡ್ಗೊರಿಟ್ಸಾ ಎನಿಸಿಕೊಂಡಿರುವ ಊರಿಗೆ ಒಂದು ಮಾರ್ಗ ತೆರೆಯಿತು. ಅದೂ ಸರಕಿಗೆ ಮಾತ್ರ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ಮುಚ್ಚಿದ ಬಾಗಿಲಿನ ನೋವು ನಮ್ಮ ದೇಶದವರೆಗೂ ತಲುಪಿತ್ತು. 1910ರಲ್ಲಿ ಸ್ಕೋಪ್ಯೆಯ ಅಲ್ಬೇನಿಯನ್ ಕುಟುಂಬದಲ್ಲಿ ಹುಟ್ಟಿದ ಬಾಲಕಿಯೊಬ್ಬಳು 18ನೆಯ ವಯಸ್ಸಿನಲ್ಲಿ ಮನೆ ಬಿಟ್ಟು, 1929ರಲ್ಲಿ ಭಾರತಕ್ಕೆ ಬಂದಳು. ಆಕೆಯೇ ಮದರ್ ತೆರೇಸಾ. ತಾಯಿ ಮತ್ತು ಅಕ್ಕ ಮುಂದೆ ಟಿರಾನಾದಲ್ಲಿ ನೆಲೆಸಿದರು. ಅವರನ್ನು ಹೊರಗೆ ಕರೆಸಿಕೊಳ್ಳಲು ಮಗಳು ಮಾಡಿದ ಪ್ರಯತ್ನಗಳೊಂದೂ ಫಲಿಸಲಿಲ್ಲ. 1972ರಲ್ಲಿ ತಾಯಿ, ಮರುವರ್ಷ ಅಕ್ಕ ತೀರಿಕೊಂಡರು. 1989ರಲ್ಲಿ ಮದರ್ ಕೊನೆಗೂ ಅಲ್ಲಿಗೆ ಹೋದಾಗ ಕಾಣಸಿಕ್ಕಿದ್ದು ಸಮಾಧಿಗಳು ಮಾತ್ರ. ಜಗತ್ತೇ ಗೌರವಿಸುತ್ತಿದ್ದ ಮಗಳಿಗೂ ತಾಯಿಯ ಮನೆಗೆ ದಾರಿ ಇರಲಿಲ್ಲ!

ಕಟ್ಟೆ ಒಡೆದದ್ದು ಎರಡು ವರ್ಷಗಳ ಬಳಿಕ. 1991ರ ಆಗಸ್ಟ್‌ನಲ್ಲಿ, ಕ್ಯೂಬಾದಿಂದ ಸಕ್ಕರೆ ತಂದಿದ್ದ 'ವ್ಲೋರಾ' ಎಂಬ ಹಡಗಿಗೆ ಡುರೆಸ್‌ನಲ್ಲಿ ಸುಮಾರು 20,000 ಜನ ನುಗ್ಗಿ, ಇಟಲಿಯ ಬಾರಿಗೆ ಹೋದರು. ಇಟಲಿ ಅವರಲ್ಲಿ ಬಹುಪಾಲು ಮಂದಿಯನ್ನು ಹಿಂದಕ್ಕೆ ಕಳುಹಿಸಿತು.

ಈಗ ಅದೇ ಬಾರಿಯಿಂದ ಡುರೆಸ್‌ಗೆ ರಾತ್ರಿ ಹಡಗು ಹೊರಟು ಬೆಳಗಾಗುವಷ್ಟರಲ್ಲಿ ತಲುಪುತ್ತದೆ. ಗ್ರೀಸಿನ ಕಾರ್ಫು ದ್ವೀಪದಿಂದ ಸರಂಡಾಕ್ಕೆ ದೋಣಿಗಳಿವೆ, ನೆರೆದೇಶಗಳಿಂದ ಬಸ್ಸುಗಳಿವೆ. ಭಾರತದಿಂದ ಹೋಗುವವರು ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಬಹುದು. ಪ್ರಯಾಣಿಕರ ರೈಲು ಮಾತ್ರ ಇಂದಿಗೂ ಗಡಿ ದಾಟಿಲ್ಲ.

ಟಿರಾನಾದ ವಿಮಾನ ನಿಲ್ದಾಣದ ಹೆಸರೇನು ಬಲ್ಲಿರಾ? 'ನೆನೆ ತೆರೇಸಾ', ಅಂದರೆ ಮದರ್ ತೆರೇಸಾ. 2024ರಲ್ಲಿ ಒಂದು ಕೋಟಿಗೂ ಮಿಕ್ಕಿದ ಪ್ರಯಾಣಿಕರು ಆ ಬಾಗಿಲಿನಿಂದ ಬಂದುಹೋದರು.

ವಿದ್ಯಾರ್ಥಿಗೆ ಇಷ್ಟನ್ನು ಹೇಳಿ, "ಅಲ್ಲಿ ಇಳಿದಾಗ ಆ ಹೆಸರನ್ನು ಮಕ್ಕಳಿಗೆ ತೋರಿಸು, ಆಮೇಲೆ ಊರಿನಲ್ಲಿರುವ ನಿನ್ನ ತಾಯಿಗೆ ಒಂದು ಕರೆ ಮಾಡು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಸರ್" ಎಂದ.