ಗೇರ್‌ಬಾಕ್ಸಿನೊಳಗಿನ ತಿಮಿಂಗಿಲ

ಕಾರಿನ ಎಂಜಿನ್ ಬಿಚ್ಚಲು ಹೆದರದವರೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಎಂಜಿನ್ನಿನ ಸಂಗತಿ ಸರಳ: ಪೆಟ್ರೋಲು ಬರಬೇಕು, ಕಿಡಿ ಹಾರಬೇಕು, ಹೊಗೆ ಹೋಗಬೇಕು. ಈ ಪೆಟ್ಟಿಗೆ ಹಾಗಲ್ಲ. ಒಳಗೆ ನೂರಾರು ಬಿಡಿಭಾಗಗಳು, ಅಲ್ಯೂಮಿನಿಯಂ ಎರಕದಲ್ಲಿ ಕೊರೆದ ಎಣ್ಣೆಯ ಕಾಲುವೆಗಳು, ಬೆರಳುದ್ದದ ಕವಾಟಗಳು, ಬಟಾಣಿ ಗಾತ್ರದ ಉಕ್ಕಿನ ಗುಂಡುಗಳು. ಒಂದು ಗುಂಡು ತಪ್ಪಿದರೂ ಗಾಡಿ ನಿಂತಲ್ಲೇ ನಿಲ್ಲಬಹುದು. ಆದರೂ ಅಮೆರಿಕದಲ್ಲಿ ಮೆಕ್ಯಾನಿಕ್ ಅಲ್ಲದ ಸಾಮಾನ್ಯ ಜನ ದಶಕಗಳಿಂದ ಮನೆಯ ಗ್ಯಾರೇಜಿನಲ್ಲೇ ಇದನ್ನು ಬಿಚ್ಚಿ ಜೋಡಿಸುತ್ತಾ ಬಂದಿದ್ದಾರೆ. ಆ ಪೆಟ್ಟಿಗೆಯೊಳಗೆ ಒಂದು ಹಡಗುಕಟ್ಟೆ, ಒಂದು ಯುದ್ಧ, ಒಂದು ಬೆಂಕಿ ಮತ್ತು ಒಂದು ತಿಮಿಂಗಿಲದ ಕಥೆ ಇದೆ.

ಮನೆಯಲ್ಲಿ ಗೇರ್ ರಿಪೇರಿ ಮಾಡುವ ರೂಢಿ ಆಟೊಮ್ಯಾಟಿಕ್ಕಿಗಿಂತ ಹಳೆಯದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಗೇರಿನ ಕೋಲೇ ಇರಲಿಲ್ಲ. ಕಾಲಿನ ಕೆಳಗೆ ಮೂರು ಪೆಡಲುಗಳು: ಒಂದು ಮುಂದಕ್ಕೆ, ಒಂದು ಹಿಂದಕ್ಕೆ, ಒಂದು ನಿಲ್ಲಿಸಲಿಕ್ಕೆ. ಪೆಡಲು ತುಳಿದರೆ ಹತ್ತಿಬಟ್ಟೆಯ ಅಸ್ತರಿದ್ದ ಉಕ್ಕಿನ ಪಟ್ಟಿಯೊಂದು ತಿರುಗುವ ಡ್ರಮ್ಮನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತಿತ್ತು. ಹತ್ತಿ ಸವೆಯುತ್ತಿತ್ತು, ರೈತನೇ ಮುಚ್ಚಳ ತೆಗೆದು ಹೊಸ ಅಸ್ತರು ಹಾಕುತ್ತಿದ್ದ. ಕೈಜಾರಿದ ನಟ್ಟು ಒಳಗೆ ಬಿದ್ದರೆ ಕಥೆ ಮುಗಿದಂತೆ. ಅದಕ್ಕೇ ಕೆಲಸಕ್ಕೆ ಮೊದಲು ಸಂದಿಗೆ ಚಿಂದಿಬಟ್ಟೆ ತುರುಕುವ ಜಾಣತನ ಹುಟ್ಟಿತು. ಇಂಥ ಒಂದೂವರೆ ಕೋಟಿ ಕಾರುಗಳು 1927ರ ಹೊತ್ತಿಗೆ ರಸ್ತೆಗಿಳಿದಿದ್ದವು. ಒಂದು ಇಡೀ ತಲೆಮಾರು ಯಂತ್ರದ ಹೊಟ್ಟೆಗೆ ಕೈ ಹಾಕಲು ಕಲಿತದ್ದು ಅಲ್ಲಿ.

ಆ ಡ್ರಮ್ಮುಗಳ ಒಳಗಿದ್ದದ್ದು ಗ್ರಹಗೇರು. ನಡುವೆ ಸೂರ್ಯನೆಂಬ ಹಲ್ಲುಚಕ್ರ, ಅದರ ಸುತ್ತ ಗ್ರಹಗಳೆಂಬ ಪುಟ್ಟ ಚಕ್ರಗಳು. ಮುಂದೆ ಆಟೊಮ್ಯಾಟಿಕ್ಕಿಗೆ ಒದಗಿದ ರೂಪದಲ್ಲಿ ಇವೆಲ್ಲದರ ಸುತ್ತ ಒಳಮುಖದ ಹಲ್ಲಿರುವ ಬಳೆಯೊಂದಿರುತ್ತದೆ. ಮೂರರಲ್ಲಿ ಒಂದನ್ನು ಹಿಡಿದು ನಿಲ್ಲಿಸಿ ಇನ್ನೊಂದನ್ನು ತಿರುಗಿಸಿದರೆ ಮೂರನೆಯದರಲ್ಲಿ ಬೇರೆಯೇ ವೇಗ ಹೊರಡುತ್ತದೆ. ಯಾವುದನ್ನು ಹಿಡಿದಿರಿ ಎನ್ನುವುದರ ಮೇಲೆ ವೇಗ ತಗ್ಗೀತು, ಹೆಚ್ಚೀತು, ದಿಕ್ಕೇ ಬದಲಾದೀತು. ಎರಡನ್ನು ಸೇರಿಸಿ ಬಿಗಿದರೆ ಇಡೀ ಸಂಸಾರ ಒಟ್ಟಿಗೇ ಸುತ್ತುತ್ತದೆ. ಎಲ್ಲ ಆಟೊಮ್ಯಾಟಿಕ್ಕುಗಳ ಗುಟ್ಟೂ ಸರಿಯಾದ ಹೊತ್ತಿಗೆ ಸರಿಯಾದದ್ದನ್ನು ಹಿಡಿಯುವುದರಲ್ಲಿದೆ.

ಇನ್ನೊಂದು ಅರ್ಧ ಸಮುದ್ರದಿಂದ ಬಂತು. ಜರ್ಮನಿಯ ಸ್ಟೆಟಿನ್ ಬಂದರಿನ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ ಹೆರ್ಮನ್ ಫೊಟ್ಟಿಂಗರ್‌ಗೆ ಒಂದು ತೊಡಕಿತ್ತು. ಉಗಿ ಟರ್ಬೈನು ತೀರಾ ವೇಗವಾಗಿ ತಿರುಗುತ್ತದೆ, ಹಡಗಿನ ಪ್ರೊಪೆಲ್ಲರಿಗೆ ನಿಧಾನ ಬೇಕು. ಎರಡನ್ನೂ ಹಲ್ಲುಚಕ್ರದಿಂದ ಜೋಡಿಸುವ ಬದಲು ದ್ರವದಿಂದ ಜೋಡಿಸುವ ಉಪಾಯಕ್ಕೆ ಅವನು 1905ರಲ್ಲಿ ಪೇಟೆಂಟ್ ಪಡೆದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ, ಅದರ ಗಾಳಿಗೆ ಇನ್ನೊಂದೂ ಮೆಲ್ಲಗೆ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಂಡರೆ ಅವನ ಯಂತ್ರದ ಅಂದಾಜು ಸಿಗುತ್ತದೆ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತದೆಯೂ ಕಾರು ಆಫ್ ಆಗದೆ ನಿಲ್ಲುವುದು ಈ ಉಪಾಯದಿಂದಲೇ.

ಎರಡನ್ನೂ ಒಂದೇ ಪೆಟ್ಟಿಗೆಗೆ ತಂದು ಲಕ್ಷಗಟ್ಟಲೆ ಮಾರಿದ್ದು ಜನರಲ್ ಮೋಟಾರ್ಸ್. ಗೇರು ಬದಲಿಸುವಾಗಿನ ಕಿರುಗುಟ್ಟುವಿಕೆಯನ್ನು ತಪ್ಪಿಸುವ ಸಿಂಕ್ರೋಮೆಶ್ ಕಂಡುಹಿಡಿದ ಅರ್ಲ್ ಥಾಂಪ್ಸನ್ನನ ತಂಡವೇ ಹೈಡ್ರಾ-ಮ್ಯಾಟಿಕ್ ಅನ್ನೂ ರೂಪಿಸಿತು. 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅದು ಬಂತು. ನಾಲ್ಕು ಗೇರು, ಕ್ಲಚ್ ಪೆಡಲಿಲ್ಲ. ಯಾವಾಗ ಗೇರು ಬದಲಿಸಬೇಕೆಂದು ನಿರ್ಧರಿಸುತ್ತಿದ್ದದ್ದು ಎಣ್ಣೆಯೇ. ಕಾರಿನ ವೇಗ ಹೆಚ್ಚಿದಂತೆ ಏರುವ ಒಂದು ಒತ್ತಡ, ಚಾಲಕ ಆಕ್ಸಿಲರೇಟರ್ ತುಳಿದಂತೆ ಏರುವ ಇನ್ನೊಂದು ಒತ್ತಡ. ಎರಡೂ ಒಂದು ಕವಾಟದ ಎರಡು ಕಡೆಯಿಂದ ತಳ್ಳಾಡುತ್ತವೆ. ವೇಗ ಗೆದ್ದರೆ ಮೇಲಿನ ಗೇರು, ಪಾದ ಗೆದ್ದರೆ ಕೆಳಗಿನದು. ಕಂಪ್ಯೂಟರ್ ಹುಟ್ಟುವ ಮೊದಲೇ ಎಣ್ಣೆಯಿಂದ ಲೆಕ್ಕ ಮಾಡುತ್ತಿದ್ದ ಯಂತ್ರವಿದು.

ಯುದ್ಧ ಬಂದಾಗ ಅದೇ ಪೆಟ್ಟಿಗೆ ಎಂ5 ಸ್ಟುವರ್ಟ್ ಮತ್ತು ಎಂ24 ಚಾಫಿ ಟ್ಯಾಂಕುಗಳನ್ನು ಎಳೆಯಿತು. ಒಂದೊಂದು ಟ್ಯಾಂಕಿನಲ್ಲೂ ಎರಡು ಕ್ಯಾಡಿಲಾಕ್ ಎಂಜಿನ್ನು, ಎರಡು ಹೈಡ್ರಾ-ಮ್ಯಾಟಿಕ್. ಯುದ್ಧ ಮುಗಿದ ಮೇಲೆ ಬೇಡಿಕೆ ಎಷ್ಟು ಬೆಳೆಯಿತೆಂದರೆ 1953ರ ಆಗಸ್ಟ್ 12ರಂದು ಮಿಶಿಗನ್ನಿನ ಲಿವೋನಿಯಾದ ಕಾರ್ಖಾನೆಗೆ ಬೆಂಕಿ ಬಿದ್ದಾಗ ಕಾರು ಉದ್ಯಮವೇ ಕಂಗಾಲಾಯಿತು. ಲೋಹ ಕತ್ತರಿಸುವ ಟಾರ್ಚಿನ ಕಿಡಿಯಿಂದ ಹೊತ್ತಿದ ಬೆಂಕಿ ಇಡೀ ಕಟ್ಟಡವನ್ನು ನುಂಗಿತು, ಕಾರ್ಮಿಕರ ಜೀವವೂ ಹೋಯಿತು. ಪೆಟ್ಟಿಗೆಯಿಲ್ಲದ ಕ್ಯಾಡಿಲಾಕುಗಳಿಗೆ ಬ್ಯೂಯಿಕ್ ಕಾರಿನ ಡೈನಾಫ್ಲೋ ಕೂರಿಸಬೇಕಾಯಿತು, ಪಾಂಟಿಯಾಕುಗಳಿಗೆ ಶೆವ್ರೊಲೆಯ ಪವರ್‌ಗ್ಲೈಡ್. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಕಟ್ಟಿದ್ದ ವಿಲ್ಲೋ ರನ್ ಕಾರ್ಖಾನೆಗೆ ಹೈಡ್ರಾ-ಮ್ಯಾಟಿಕ್ ತಯಾರಿಕೆ ಸ್ಥಳಾಂತರವಾಯಿತು.

ಇನ್ನು ತಿಮಿಂಗಿಲ. ಪೆಟ್ಟಿಗೆಯ ಎಣ್ಣೆ ವಿರುದ್ಧವಾದ ಎರಡು ಕೆಲಸ ಮಾಡಬೇಕು. ಹಲ್ಲುಗಳು ಸವೆಯದಂತೆ ಜಾರಿಸಬೇಕು, ಆದರೆ ಕ್ಲಚ್ ತಟ್ಟೆಗಳು ಪರಸ್ಪರ ಹಿಡಿಯುವಾಗ ಅತಿಯಾಗಿ ಜಾರಿಸಬಾರದು. ಹಿಡಿತವೂ ಥಟ್ಟನೆ ಆಗದೆ ಮೃದುವಾಗಿ ಆಗಬೇಕು. ಈ ಹದವನ್ನು ತರುತ್ತಿದ್ದ ಒಂದು ಮುಖ್ಯ ಮಿಶ್ರಣ ಸ್ಪರ್ಮ್ ತಿಮಿಂಗಿಲದ ಎಣ್ಣೆ. ಹರ್ಮನ್ ಮೆಲ್ವಿಲ್ 1851ರ ತನ್ನ ಕಾದಂಬರಿಯಲ್ಲಿ ಕ್ಯಾಪ್ಟನ್ ಅಹಾಬನನ್ನು ಅಟ್ಟಿಸಿಕೊಂಡು ಹೋಗುವಂತೆ ಮಾಡಿದ ತಿಮಿಂಗಿಲ ಈ ಜಾತಿಯದೇ. ರಾಸಾಯನಿಕವಾಗಿ ಅದರ ಎಣ್ಣೆ ಒಂದು ದ್ರವರೂಪದ ಮೇಣ, ಬಿಸಿಗೆ ಸುಲಭವಾಗಿ ಸೋಲದು. ದೀಪಕ್ಕೆ ತಿಮಿಂಗಿಲದ ಎಣ್ಣೆ ಬೇಡವಾಗಿ ನೂರು ವರ್ಷ ಕಳೆದ ಮೇಲೂ ಕಡಲಲ್ಲಿ ಬೇಟೆ ನಡೆಯುತ್ತಿದ್ದುದಕ್ಕೆ ಇಂಥ ಬಳಕೆಗಳೂ ಕಾರಣ. ಊರೊಳಗೆ ಮೆತ್ತಗೆ ಗೇರು ಬದಲಿಸಿಕೊಂಡು ಹೋಗುತ್ತಿದ್ದವರಿಗೆ ಅದರ ಸುಳಿವೂ ಇರಲಿಲ್ಲ.

1970ರಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1973ರ ಕಾಯ್ದೆ ಬಾಗಿಲನ್ನು ಇನ್ನಷ್ಟು ಭದ್ರವಾಗಿ ಮುಚ್ಚಿತು. ತಿಮಿಂಗಿಲವಿಲ್ಲದ ಹೊಸ ದ್ರವ ಬಂತು, ಅದರ ಜೊತೆ ಹೊಸ ಕಾಯಿಲೆಯೂ ಬಂತು. ಪೆಟ್ಟಿಗೆಯ ಎಣ್ಣೆ ತಣಿಯುವುದು ರೇಡಿಯೇಟರಿನೊಳಗಿನ ಕೂಲರಿನಲ್ಲಿ. ಹೊಸ ದ್ರವ ಆ ಕೂಲರಿನ ಬೆಸುಗೆಯನ್ನು ತಿನ್ನುತ್ತಿತ್ತು. ಬೆಸುಗೆ ಬಿಟ್ಟರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರಿ ಕ್ಲಚ್ ತಟ್ಟೆಗಳ ಅಂಟು ಬಿಡುತ್ತದೆ. ತುಕ್ಕುತಡೆ ಸೇರಿಸಿದ ಮುಂದಿನ ದ್ರವ ಬರುವವರೆಗೆ ಅನೇಕರು ಕಷ್ಟಪಟ್ಟರು. ಎಲ್ಲವನ್ನೂ ತಿಮಿಂಗಿಲದ ತಲೆಗೆ ಕಟ್ಟಲಾಗದು, ಆ ಕಾಲದ ಎಂಜಿನ್ನುಗಳೂ ಮೊದಲಿಗಿಂತ ಬಿಸಿಯಾಗಿ ಓಡುತ್ತಿದ್ದವು. ಇದೇ ಹೊತ್ತಿಗೆ ಅರಿಜೋನಾದ ಮರುಭೂಮಿಯ ಹೊಹೋಬಾ ಗಿಡದ ಬೀಜದಲ್ಲೂ ಅಂಥದೇ ದ್ರವಮೇಣ ಇರುವುದರತ್ತ ವಿಜ್ಞಾನಿಗಳ ಗಮನ ಹೋಯಿತು. ತಿಮಿಂಗಿಲದ ಕೆಲಸಕ್ಕೆ ಒಂದು ಕುರುಚಲು ಗಿಡ ಅಭ್ಯರ್ಥಿಯಾಯಿತು.

ಮನೆಯ ಗ್ಯಾರೇಜಿನವನಿಗೆ ಆ ದಶಕ ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ: ಸುಟ್ಟ ತಟ್ಟೆ ರೋಗವಲ್ಲ, ರೋಗದ ಗುರುತು. ತಟ್ಟೆ ಬದಲಿಸಿ ಕೂಲರ್ ತೊಳೆಯದೆ ಬಿಟ್ಟವನ ಪೆಟ್ಟಿಗೆ ಮತ್ತೆ ಸುಡುತ್ತಿತ್ತು. ಅದಕ್ಕೇ ಬಲ್ಲವರು ಸ್ಪ್ಯಾನರಿಗೆ ಕೈ ಹಾಕುವ ಮೊದಲು ಮೂಗನ್ನು ಬಳಸುತ್ತಾರೆ. ಕೆಂಪಾಗಿರಬೇಕಾದ ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಹೋಗಿದೆ. ನಸುಗೆಂಪು ಮಜ್ಜಿಗೆಯಂತಿದ್ದರೆ ನೀರು ಸೇರಿದೆ. ಆಮೇಲೆ ತರ್ಕ. 1969ರಲ್ಲಿ ಬಂದ ಟರ್ಬೊ-ಹೈಡ್ರಾಮ್ಯಾಟಿಕ್ 350 ಪೆಟ್ಟಿಗೆಯನ್ನೇ ನೋಡಿ. ಮೊದಲೆರಡು ಗೇರು ಸರಿಯಿದ್ದು ಮೂರನೆಯದೂ ರಿವರ್ಸೂ ಒಟ್ಟಿಗೇ ಕೈಕೊಟ್ಟರೆ, ಅವೆರಡಕ್ಕೂ ಬೇಕಾಗುವ ಡೈರೆಕ್ಟ್ ಕ್ಲಚ್ಚಿನ ಮೇಲೆ ಅನುಮಾನ ಹೋಗುತ್ತದೆ. ಯಾವ ಗೇರಿಗೆ ಯಾವ ಕ್ಲಚ್ಚು ಎನ್ನುವ ಕೋಷ್ಟಕ ಗೊತ್ತಿದ್ದರೆ ಪೆಟ್ಟಿಗೆ ತೆರೆಯುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ತೆರೆದಾಗ ಆ ಕ್ಲಚ್ಚಿನ ರಬ್ಬರ್ ಸೀಲು ಕಲ್ಲಾಗಿರುವುದು ಕಂಡರೆ ತಟ್ಟೆ ಸುಟ್ಟದ್ದೇಕೆಂದೂ ತಿಳಿಯುತ್ತದೆ. ಒತ್ತಡ ಸೋರಿದೆ, ಹಿಡಿತ ಸಡಿಲಾಗಿದೆ, ಜಾರಿ ಜಾರಿ ಸುಟ್ಟಿದೆ.

ಜೋಡಿಸುವ ಕೆಲಸಕ್ಕೆ ಬಲಕ್ಕಿಂತ ಶುಚಿ ಮುಖ್ಯ. ಬಟ್ಟೆಯ ಒಂದು ಎಳೆ ಕವಾಟಕ್ಕೆ ಸಿಕ್ಕಿಕೊಂಡರೂ ಸಾಕು, ಗೇರು ಬೀಳದು. ಬಿಚ್ಚಿದ ಭಾಗಗಳನ್ನು ರಟ್ಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾರೆ. ಹೊಸ ತಟ್ಟೆಗಳನ್ನು ಎಣ್ಣೆಯಲ್ಲಿ ನೆನೆಹಾಕುತ್ತಾರೆ, ಉಕ್ಕಿನ ಗುಂಡುಗಳು ಉರುಳದಂತೆ ಪೆಟ್ರೋಲಿಯಂ ಜೆಲ್ಲಿಯಿಂದ ಅಂಟಿಸುತ್ತಾರೆ. ಮುಚ್ಚುವ ಮೊದಲು ಒಂದೊಂದೇ ಕಾಲುವೆಗೆ ಗಾಳಿ ಊದಿ ಕಿವಿಗೊಡುತ್ತಾರೆ. ಧಪ್ಪೆಂದು ಗಟ್ಟಿ ಸದ್ದು ಬಂದರೆ ಕ್ಲಚ್ಚು ಹಿಡಿಯಿತು, ಬುಸ್ಸೆಂದರೆ ಸೋರುತ್ತಿದೆ. ಕೊನೆಯ ಗಂಡಾಂತರ ಟಾರ್ಕ್ ಕನ್ವರ್ಟರ್. ಅದು ಪೂರ್ತಿ ಒಳಗೆ ಕೂರದೆ ಬೋಲ್ಟು ಬಿಗಿದರೆ ಪಂಪು ಒಡೆಯುತ್ತದೆ. ವಾರಗಟ್ಟಲೆಯ ಶ್ರಮ ಐದು ನಿಮಿಷದಲ್ಲಿ ಮಣ್ಣುಪಾಲು.

1980ರ ದಶಕದಿಂದ ಎಣ್ಣೆಯ ಲೆಕ್ಕವನ್ನು ಕ್ರಮೇಣ ಕಂಪ್ಯೂಟರ್ ವಹಿಸಿಕೊಂಡಿತು. ಗೇರು ನಯವಾಯಿತು, ಪೆಟ್ರೋಲು ಉಳಿಯಿತು. ಆದರೆ ಈಗಿನ ಹಲವು ಪೆಟ್ಟಿಗೆಗಳಲ್ಲಿ ಭಾಗ ಬದಲಿಸಿದರಷ್ಟೇ ಸಾಲದು, ಕಾರಿನ ಕಂಪ್ಯೂಟರಿಗೆ ಅದನ್ನು ಒಪ್ಪಿಸಬೇಕು. ಆ ಕೀಲಿ ತಯಾರಕರ ಕೈಯಲ್ಲಿದ್ದರೆ ಮಾಲೀಕ ಏನು ಮಾಡಬೇಕು? 2012ರಲ್ಲಿ ಮ್ಯಾಸಚುಸೆಟ್ಸ್ ರಾಜ್ಯದ ಜನ, ಕಾರು ರಿಪೇರಿಯ ಮಾಹಿತಿ ಹೊರಗಿನವರಿಗೂ ಸಿಗಬೇಕೆಂದು ಮತದ ಮೂಲಕ ಹೇಳಬೇಕಾಗಿ ಬಂದದ್ದು ಇದಕ್ಕೇ. ನಮ್ಮಲ್ಲೂ ಆಟೊಮ್ಯಾಟಿಕ್ ಈಗ ಅಪರೂಪವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿ ಮಾತ್ರ ಬೇರೆ ಜಾತಿಯದು. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಒತ್ತುವ ಕಾಲು ಮತ್ತು ಗೇರು ಹಾಕುವ ಕೈ ಮಾತ್ರ ಯಂತ್ರದವು. ಆದರೆ ಯಾರು ತೆರೆಯಬಹುದು ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ತಿಮಿಂಗಿಲದ ಎಣ್ಣೆ ಪೆಟ್ಟಿಗೆಯೊಳಗೆ ಇದ್ದದ್ದು ಕಾರು ಓಡಿಸುತ್ತಿದ್ದವರಿಗೆ ತಿಳಿದಿರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ, ಅದು ಎಲ್ಲಿಂದ ಬಂತು, ಅದಕ್ಕಾಗಿ ಯಾರ ಜೀವ ಹೋಯಿತು ಎಂದು ಕೇಳುವವರು ಬೇಕು. ರಟ್ಟಿನ ಮೇಲೆ ಭಾಗಗಳನ್ನು ಸಾಲಾಗಿ ಜೋಡಿಸಿಟ್ಟು, ಒಂದು ಗುಂಡು ಎಲ್ಲಿ ಹೋಯಿತೆಂದು ಟಾರ್ಚು ಹಿಡಿದು ನೆಲದಲ್ಲಿ ಹುಡುಕುವವನು ಆ ಕೇಳುವವರಲ್ಲಿ ಒಬ್ಬ.