ಹಾಲಿನ ಅಂಟು, ಮರದ ರೆಕ್ಕೆ

ವಿಮಾನದ ಮಾದರಿ ಮಾಡುವ ಹುಡುಗರು ಸಾಮಾನ್ಯವಾಗಿ ರೆಕ್ಕೆಗೆ ಒಂದೇ ಮರ ಬಳಸುವುದಿಲ್ಲ. ಮೈಗೆ ತೀರ ಹಗುರವಾದ ಬಾಲ್ಸಾ, ಬೆನ್ನೆಲುಬಿಗೆ ಗಟ್ಟಿಯಾದ ಸ್ಪ್ರೂಸ್ ಪಟ್ಟಿ. ಎರಡನ್ನೂ ಹಿಡಿದಿಡುವುದು ಅಂಟು. ಇದು ಬರೀ ಆಟಿಕೆಯ ಉಪಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೀಗೆ ಬೇರೆ ಬೇರೆ ಮರಗಳನ್ನು ಅಂಟಿಸಿ ಕಟ್ಟಿದ ಯುದ್ಧವಿಮಾನವೊಂದು ನಮ್ಮ ಯಲಹಂಕ, ಕೋಲಾರಗಳಲ್ಲೂ ಹಾರಾಡಿತ್ತು.

ಅದರ ಹೆಸರು ಮಾಸ್ಕಿಟೋ, ಎಂದರೆ ಸೊಳ್ಳೆ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ಸೊಳ್ಳೆ ಮೊದಲು ಹಾರಿದ್ದು 1940ರ ನವೆಂಬರ್ 25ರಂದು. ಯುದ್ಧ ಬಂತೆಂದರೆ ಅಲ್ಯೂಮಿನಿಯಂಗೆ ಬರ. ಆದರೆ ಕುರ್ಚಿ ಮೇಜು ಮಾಡುವ ಬಡಗಿಗಳಿಗೆ ಆ ದೇಶದಲ್ಲಿ ಬರವಿರಲಿಲ್ಲ. ಅವರ ಕೈಗೆ ವಿಮಾನ ಬಂತು. ಒಟ್ಟು 7,781 ಮಾಸ್ಕಿಟೋಗಳು ತಯಾರಾದವು.

ಅದರ ಒಡಲು ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು. ರೆಕ್ಕೆಯೊಳಗಿನ ತೊಲೆಗಳಿಗೆ ಸ್ಪ್ರೂಸ್, ಮೇಲಿನ ಹೊದಿಕೆಗೆ ಮತ್ತೆ ಬರ್ಚ್ ಪ್ಲೈವುಡ್. ಈಕ್ವೆಡಾರಿನಿಂದ ಬಂದ ಬಾಲ್ಸಾ ನಮ್ಮ ಬೂರುಗದ ದೂರದ ನೆಂಟ. ಬರ್ಚ್ ಎಂದರೆ ಭೂರ್ಜವೃಕ್ಷದ ಕುಲ. ಹಿಮಾಲಯದ ಭೂರ್ಜದ ತೊಗಟೆಯ ಮೇಲೆ ನಮ್ಮ ಹಿರಿಯರು ಗ್ರಂಥ ಬರೆದರು. ಅದರ ಉತ್ತರ ಅಮೆರಿಕದ ದಾಯಾದಿಯನ್ನು ಸೀಳಿ ಇವರು ಬಾಂಬರ್ ಮಾಡಿದರು!

ಮೊದಮೊದಲು ಬಳಸಿದ ಅಂಟು ಕೇಸೀನ್. ಹಾಲು ಒಡೆಸಿ ಬಸಿದಾಗ ಉಳಿಯುವ ಗಟ್ಟಿ ಭಾಗದಿಂದ ಅದು ಬರುತ್ತದೆ. ಸುಣ್ಣ ಸೇರಿಸಿ ಹದ ಮಾಡುತ್ತಾರೆ. ಜೋಡಣೆ ಸರಿಯಾಗಿ ಕೂತಿದ್ದರೆ, ಎಳೆದಾಗ ಮರ ಸೀಳೀತೇ ಹೊರತು ಅಂಟು ಬಿಡದು. ಆದರೆ ಹಾಲಿನ ಗುಣ ಎಲ್ಲಿ ಹೋದೀತು? ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಕೃತಕ ಅಂಟಿಗೆ ಬದಲಾಯಿಸಿದರು. ಅಂಟು ಯಾವುದೇ ಇರಲಿ, ಮರಕ್ಕೂ ತನ್ನದೇ ಹಟವಿದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ನಮಗೆಲ್ಲ ಗೊತ್ತು. ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗದು, ಅಡ್ಡಕ್ಕೆ ಹಿಗ್ಗುತ್ತದೆ. ಅದೂ ಒಂದೊಂದು ಮರ ಒಂದೊಂದು ಅಳತೆಯಲ್ಲಿ. ಈ ಎಳೆದಾಟವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಕಾಗದದಷ್ಟು ತೆಳುವಾದ ಅಂಟಿನ ಗೆರೆ. ಮರಗಳ ನಡುವೆ ಸಂದಿ ಉಳಿದರೆ ಆ ಗೆರೆಯೇ ಇಲ್ಲದಂತೆ.

1944ರಲ್ಲಿ ಬ್ರಿಟಿಷ್ ವಾಯುಪಡೆಯ 45ನೆಯ ಸ್ಕ್ವಾಡ್ರನ್ ಯಲಹಂಕದಲ್ಲೂ 82ನೆಯದು ಕೋಲಾರದಲ್ಲೂ ಹಳೆಯ ವಿಮಾನಗಳನ್ನು ಬಿಟ್ಟು ಮಾಸ್ಕಿಟೋ ಹಿಡಿದವು. ಬರ್ಮಾದ ಯುದ್ಧಕ್ಕೆ ತಯಾರಿ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಭಾರತದಲ್ಲಿ ಹಾರುತ್ತಿದ್ದ ಕೆಲವು ಮಾಸ್ಕಿಟೋಗಳ ರೆಕ್ಕೆ ಆಕಾಶದಲ್ಲೇ ಮುರಿಯಿತು. ಮೇಲಿನ ಹೊದಿಕೆ ತೊಲೆಯಿಂದ ಎದ್ದು ಬಂದಿತ್ತು. ಒಂದೊಂದು ವಿಮಾನದಲ್ಲಿ ಇಬ್ಬರು. ಶತ್ರುವಿನ ಗುಂಡು ತಾಗದೆ ಸತ್ತವರು ಅವರು. ನವೆಂಬರಿನಲ್ಲಿ ಇಲ್ಲಿಯ ಮಾಸ್ಕಿಟೋಗಳ ಹಾರಾಟ ನಿಲ್ಲಿಸಿದರು.

ತನಿಖೆಗೆ ಬಂದ ತಂಡದ ಮುಖ್ಯಸ್ಥ ಮೇಜರ್ ಹೆರೆವಾರ್ಡ್ ಡಿ ಹ್ಯಾವಿಲೆಂಡ್, ಕಂಪನಿಯ ಸ್ಥಾಪಕ ಜೆಫ್ರಿಯವರ ಖಾಸಾ ತಮ್ಮ. ಅಂಟು ಕೆಟ್ಟಿಲ್ಲ, ಮಳೆಗಾಲದಲ್ಲಿ ವಿಮಾನದ ಮರ ಕುಗ್ಗಿದ್ದೇ ಕಾರಣ ಎಂದು ಡಿಸೆಂಬರಿನಲ್ಲಿ ವರದಿ ಕೊಟ್ಟರು. ಮಳೆಗಾಲದಲ್ಲಿ ಮರ ಕುಗ್ಗಿತೆಂದರೆ ನಮ್ಮ ಹಳ್ಳಿಯ ಬಡಗಿಗಳು ನಕ್ಕಾರು.

ಮುಂದೆ ಇಂಗ್ಲೆಂಡಿನಲ್ಲೇ, ಡೆಫರ್ಡಿನಲ್ಲಿ, ವಿಮಾನ ತಯಾರಿಕೆಯ ಮಂತ್ರಾಲಯದವರು ಬೇರೆ ಮಾಸ್ಕಿಟೋಗಳನ್ನು ಬಿಚ್ಚಿ ನೋಡಿದರು. ಅಲ್ಲೂ ಅದೇ ಬಗೆಯ ದೋಷ. ಅವು ಮುಂಗಾರಿನ ಒಂದು ಹನಿಯನ್ನೂ ಕಂಡವಲ್ಲ. ಕಾರ್ಖಾನೆಯಲ್ಲಿ ಅಂಟಿಸಿದ ಕೆಲಸವೇ ಸರಿಯಿರಲಿಲ್ಲ ಎಂದು ತೀರ್ಮಾನವಾಯಿತು. ಹಾಗಿದ್ದರೂ ವಾಯುಖಾತೆ ಮೇಜರರ ಮೊದಲ ಮಾತನ್ನೇ ಹಿಡಿದುಕೊಂಡು, ಅಪಘಾತಗಳಿಗೆ ಬಹುಮಟ್ಟಿಗೆ ಹವೆಯೇ ಕಾರಣ ಎಂದಿತು. ವಿಮಾನದ ಮೇಲೆ ಪೈಲಟ್ಟುಗಳ ನಂಬಿಕೆ ಹೋಗಬಾರದಲ್ಲ! ಬೈದರೆ ತಿರುಗಿ ಮಾತಾಡದ ನಮ್ಮ ಮಳೆ ಅಪವಾದ ಹೊತ್ತುಕೊಂಡಿತು. ರೆಕ್ಕೆಯ ಹೊದಿಕೆ ಕೂಡುವ ಕಡೆ ನೀರು ಇಳಿಯದಂತೆ ಈ ತುದಿಯಿಂದ ಆ ತುದಿಯವರೆಗೆ ಪ್ಲೈವುಡ್ಡಿನ ಪಟ್ಟಿಯೊಂದನ್ನು ಕೂರಿಸಿದರು. ಅದನ್ನು ಕೂರಿಸಿದ್ದೂ ಅಂಟಿನಿಂದಲೇ.