ಗಾಂಜಾ ಸತ್ತ್ವದ ಶೋಧನೆ: ಇತಿಹಾಸ

ಗಾಂಜಾ ಗಿಡದ ಹೂಗೊಂಚಲನ್ನು ಮದ್ಯಸಾರದಲ್ಲಿ, ಎಂದರೆ ಎಥನಾಲಿನಲ್ಲಿ, ನೆನೆಯಿಸಿದಾಗ ಔಷಧಗುಣವುಳ್ಳ ರಾಳದೊಡನೆ ಮೇಣ, ಕೊಬ್ಬು, ಪತ್ರಹರಿತ್ತು, ಸಕ್ಕರೆ ಮುಂತಾದ ಅನಪೇಕ್ಷಿತ ದ್ರವ್ಯಗಳೂ ಕರಗಿ ಬರುವುವು. ಇವನ್ನು ತೆಗೆದು ಸತ್ತ್ವವನ್ನು ಶುದ್ಧಗೊಳಿಸುವ ಕಲೆಯು ಅತಿಶೀತಲ ಮದ್ಯಸಾರದ ಬಳಕೆಯೊಡನೆ 21ನೆಯ ಶತಮಾನದಲ್ಲಿ ಹುಟ್ಟಿತೆಂಬ ಪ್ರತೀತಿಯುಂಟು. ಆದರೆ ಹಳೆಯ ಔಷಧಶಾಸ್ತ್ರ ಗ್ರಂಥಗಳನ್ನು ತೆರೆದು ನೋಡಿದವರಿಗೆ ಈ ಮಾತು ನಿಲ್ಲತಕ್ಕದ್ದಲ್ಲವೆಂದು ಸ್ಪಷ್ಟವಾಗುವುದು.

ಕಲಕತ್ತೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಬ್ರೂಕ್ ಓಶಾನೆಸ್ಸಿಯು 1839ರಲ್ಲಿ ವರ್ಣಿಸಿದ ಕ್ರಮದಲ್ಲಿ ಶೀತದ ಸೋಂಕೇ ಇರಲಿಲ್ಲ: ಅಂಟುಅಂಟಾದ ಒಣಗಾಂಜಾ ತುದಿಗಳನ್ನು ಮದ್ಯಸಾರದಲ್ಲಿ ಕುದಿಯಿಸಿ, ರಾಳವೆಲ್ಲ ಕರಗಿದ ಬಳಿಕ ದ್ರವವನ್ನು ಆವಿಮಾಡಿ, ಉಳಿದುದನ್ನೇ ಔಷಧವೆಂದು ಕೊಡುತ್ತಿದ್ದರು. ಬೇಕಾದುದೂ ಬೇಡವಾದುದೂ ಒಟ್ಟಿಗೆ ಇಳಿದು ಬರುತ್ತಿದ್ದ ಈ ಕ್ರಮದ ದೋಷವನ್ನು ಕಂಡು ಅದಕ್ಕೆ ಪರಿಹಾರ ಹುಡುಕಿದವರು ಎಡಿನ್‌ಬರೋದ ಔಷಧತಯಾರಕರಾದ ಟಿ. ಮತ್ತು ಎಚ್. ಸ್ಮಿತ್ ಸಹೋದರರು. 1846ರ ಸುಮಾರಿಗೆ ಅವರು ಪ್ರಕಟಿಸಿದ ವಿಧಾನದಲ್ಲಿ ಗಾಂಜಾವನ್ನು ಮೊದಲು ಬೆಚ್ಚನೆಯ ನೀರಿನಿಂದಲೂ ಅನಂತರ ಸೋಡಾ ದ್ರಾವಣದಿಂದಲೂ ತೊಳೆದು, ನೀರಿನಲ್ಲಿ ಕರಗುವ ಕಶ್ಮಲವನ್ನೆಲ್ಲ ಕಳೆದು ಒಣಗಿಸಿದ ಮೇಲೆಯೇ ಮದ್ಯಸಾರಕ್ಕೆ ಹಾಕುತ್ತಿದ್ದರು. ಹೀಗೆ ದೊರೆತ ಹಸಿರು ದ್ರಾವಣಕ್ಕೆ ನೀರಿನಲ್ಲಿ ಕದಡಿದ ಸುಣ್ಣವನ್ನು ಬೆರೆಸಿ ಪತ್ರಹರಿತ್ತನ್ನು ಕೆಳಗಿಳಿಸಿ, ಮಿಕ್ಕ ಸುಣ್ಣವನ್ನು ಗಂಧಕಾಮ್ಲದಿಂದ ತೆಗೆದು, ಕಡೆಗೆ ಮೂಳೆಯ ಇದ್ದಿಲಿನಿಂದ ಬಣ್ಣವನ್ನು ಹೀರಿಸುತ್ತಿದ್ದರು. ದೊರೆತ ರಾಳದ ಬಲವನ್ನು ಅವರು ತಮ್ಮ ಮೇಲೆಯೇ ಪರೀಕ್ಷಿಸಿ, ಒಂದು ಗ್ರೇನಿನ ಮೂರನೆಯ ಎರಡು ಭಾಗವೇ ಪ್ರಬಲವಾದ ಮಂಪರನ್ನು ತರುವುದೆಂದು ತಿಳಿಸಿದರು. ಬಣ್ಣ, ಲವಣ, ಸಕ್ಕರೆಗಳನ್ನು ಒಂದೊಂದಾಗಿ ಗುರುತಿಸಿ ಒಂದೊಂದಕ್ಕೂ ತಕ್ಕ ಉಪಾಯವನ್ನು ಹೂಡಿದ ಈ ಕಾರ್ಯವೇ ಶೋಧನೆಯ ಇತಿಹಾಸದ ನಿಜವಾದ ಸಂಧಿಕಾಲವೆಂದು ಎಣಿಸುವುದು ನ್ಯಾಯ.

ಮುಂದಿನ ಕಥೆ ಸುವಿದಿತ. 1896ರಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡರು ಚರಸ್ಸಿನಿಂದ ಭಟ್ಟಿಯಿಳಿಸಿದ ಕೆಂಪು ತೈಲಕ್ಕೆ ಕ್ಯಾನಬಿನಾಲ್ ಎಂದು ಹೆಸರಿಟ್ಟರು. ಅದು ಮಿಶ್ರಣವೆಂದು ತಿಳಿದ ಮೇಲೂ ಅದೇ ಹೆಸರು ಅದರ ಒಂದು ಘಟಕಕ್ಕೆ ಉಳಿದುದರಿಂದ ಹಳೆಯ ವರದಿಗಳನ್ನು ಓದುವವರು ಇಂದಿಗೂ ತೊಡಕಿಗೆ ಸಿಕ್ಕುವರು. 1940ರಲ್ಲಿ ಇಲಿನಾಯ್‌ನ ರೋಜರ್ ಆಡಮ್ಸ್ ಗಾಂಜಾ ಜಾತಿಗೇ ಸೇರಿದ ಮಿನೆಸೋಟದ ಕಾಡುಸೆಣಬಿನ ಮದ್ಯಸಾರ ಸತ್ತ್ವದಿಂದ ಕ್ಯಾನಬಿಡಯಾಲನ್ನೂ, 1964ರಲ್ಲಿ ಗಾವೋನಿ ಮತ್ತು ಮೆಕೂಲಂ ಹಶೀಷಿನಿಂದ ಟೆಟ್ರಾಹೈಡ್ರೊಕ್ಯಾನಬಿನಾಲನ್ನೂ ಶುದ್ಧರೂಪದಲ್ಲಿ ಪಡೆದರು.

ಶೀತದ ವಿಷಯದಲ್ಲಿ ಎರಡು ಭಿನ್ನ ಕ್ರಿಯೆಗಳನ್ನು ಒಂದೆಂದು ಭಾವಿಸುವ ಗೊಂದಲ ವ್ಯಾಪಕವಾಗಿದೆ. ಒಂದು, ವಿಂಟರೈಸೇಷನ್: ಇದು ಅಮೆರಿಕದ ಹತ್ತಿಬೀಜದ ಎಣ್ಣೆಯ ಉದ್ಯಮದಿಂದ ಬಂದುದು, ಅಲ್ಲಿ ಚಳಿಗಾಲದಲ್ಲಿ ಬಯಲಿನ ತೊಟ್ಟಿಗಳಲ್ಲಿ ನಿಂತ ಎಣ್ಣೆಯ ಗಟ್ಟಿಕೊಬ್ಬು ತಾನಾಗಿ ತಳಕ್ಕಿಳಿಯುತ್ತಿತ್ತು. 2010ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ಪಡೆದ ಸ್ಯಾಟಿವೆಕ್ಸ್ ಔಷಧದ ತಯಾರಿಕೆಯಲ್ಲಿ ದ್ರವರೂಪದ ಇಂಗಾಲದ ಡೈಆಕ್ಸೈಡಿನಿಂದ ತೆಗೆದ ಸತ್ತ್ವವನ್ನು ಆಮೇಲೆ ಮದ್ಯಸಾರದಲ್ಲಿ ಕರಗಿಸಿ, −20° ಸೆಲ್ಸಿಯಸ್‌ಗೆ ತಣಿಸಿ ಮೇಣವನ್ನು ಬೇರ್ಪಡಿಸುವುದು ಇದೇ ತತ್ತ್ವದಿಂದ. ಇನ್ನೊಂದು, ಶೀತ ನಿಷ್ಕರ್ಷಣ: ಇಲ್ಲಿ ಮದ್ಯಸಾರವನ್ನೇ ಮೊದಲು −40° ಅಥವಾ ಅದಕ್ಕೂ ಕೆಳಗೆ ತಣಿಸಿ ಗಿಡಕ್ಕೆ ಸೋಂಕಿಸುವುದರಿಂದ ಮೇಣ ಕರಗುವುದೇ ವಿರಳವಾಗುವುದು, ಪತ್ರಹರಿತ್ತೂ ಎಲೆಯಿಂದ ನಿಧಾನವಾಗಿ ಹೊರಬರುವುದು. ಮೊದಲನೆಯದು ಬಂದುದನ್ನು ತೆಗೆಯುವ ಕ್ರಿಯೆ, ಎರಡನೆಯದು ಬಾರದಂತೆ ತಡೆಯುವ ಕ್ರಿಯೆ. 2018ರಲ್ಲಿ ಕೆನಡಾ ಗಾಂಜಾವನ್ನೂ ಅಮೆರಿಕದ ಕೇಂದ್ರ ಶಾಸನ ಸೆಣಬನ್ನೂ ಕಾನೂನುಬದ್ಧಗೊಳಿಸಿದ ಮೇಲೆ ಎರಡನೆಯ ಕ್ರಮ ಉದ್ಯಮದಲ್ಲಿ ಬಲವಾಗಿ ಬೇರೂರಿತು.

ಒಮ್ಮೆ ಕರಗಿ ಬಂದ ಪತ್ರಹರಿತ್ತಿಗೆ ಮಾತ್ರ ಶೀತವೊಂದೇ ಮದ್ದಲ್ಲ. ಆದ್ದರಿಂದ ಸ್ಮಿತ್ ಸಹೋದರರ ಇದ್ದಿಲು ಮತ್ತೆ ಬಳಕೆಗೆ ಬಂದಿತು. ಅದರ ಜತೆಗೆ ಖಾದ್ಯತೈಲಗಳ ಬಣ್ಣ ತೆಗೆಯುವ ಜೇಡಿಗಳೂ ಸೇರಿದುವು. ಇದ್ದಿಲು ಬಣ್ಣದೊಡನೆ ಸತ್ತ್ವದ ಔಷಧಾಂಶವನ್ನೂ ಒಂದಿಷ್ಟು ನುಂಗುವುದು. ಆಮ್ಲದಿಂದ ಚುರುಕುಗೊಳಿಸಿದ ಜೇಡಿಯಾದರೋ, ಆಮ್ಲದ ಸಂಪರ್ಕದಲ್ಲಿ ಕ್ಯಾನಬಿಡಯಾಲ್ ಅಮಲೇರಿಸುವ ಟೆಟ್ರಾಹೈಡ್ರೊಕ್ಯಾನಬಿನಾಲ್ ಆಗಿ ಮಾರ್ಪಡುವುದೆಂದು ಆಡಮ್ಸ್ 1940ರಲ್ಲಿಯೇ ತೋರಿಸಿದ್ದ ಅಪಾಯವನ್ನು ತನ್ನೊಡನೆ ತರುವುದು.

ಯಾವುದು ಅನಪೇಕ್ಷಿತವೆಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಸ್ಯಾಟಿವೆಕ್ಸ್ ಗಿಡದ ಇತರ ದ್ರವ್ಯಗಳಲ್ಲಿ ಹಲವನ್ನು ಉಳಿಸಿಕೊಂಡರೆ, 2018ರ ಜೂನಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಪಸ್ಮಾರದ ಔಷಧ ಎಪಿಡಯೋಲೆಕ್ಸ್, ಸ್ಫಟಿಕೀಕರಣದ ಮೂಲಕ ಕ್ಯಾನಬಿಡಯಾಲೊಂದನ್ನೇ ಆರಿಸಿ ಮಿಕ್ಕುದೆಲ್ಲವನ್ನೂ ತ್ಯಾಜ್ಯವೆಂದೇ ಎಣಿಸುವುದು.